ಬಾಜೂ ಮನಿಯವ್ರು ಎಲ್ಲಿ?

ನೀರಸಾಗರದ ಬಗಲಿಗಿರುವ ನಮ್ಮ ದುಮ್ಮವಾಡದಲ್ಲಿ ‘ತರ್ಕ’ ಸಿನಿಮಾ ನೋಡಿದ್ದು ಕಪ್ಪು-ಬಿಳುಪು ಟಿ.ವಿ.ಯಲ್ಲಿ. ಪಡಸಾಲೆ ತುಂಬಿತ್ತು, ಹೊರಗಿನ ಕಟ್ಟೆಯೂ ತುಂಬಿತ್ತು, ಜಾಗ ಸಿಗದವರು ಕಿಟಕಿಯ ಸರಳು ಹಿಡಿದು ನಿಂತಿದ್ದರು. ಅತ್ತ ಪರದೆಯ ಮೇಲೆ, ಪೊಲೀಸರ ಕೈತಪ್ಪಿಸಿಕೊಂಡ ಶಂಕರ್ ನಾಗ್ ಹೆಂಗಸೊಬ್ಬಳೇ ಇದ್ದ ಮನೆ ಹೊಕ್ಕಿದ್ದ. ಎಲ್ಲರೂ ಉಸಿರು ಬಿಗಿಹಿಡಿದಾಗ ದೊಡ್ಡವ್ವ ಕೇಳಿದಳು: ‘ಅಲ್ಲೋ ತಮ್ಮಾ, ಬಾಜೂ ಮನಿಯವ್ರು ಎಲ್ಲಿ ಹೋಗ್ಯಾರ?’ ಸುಮ್ಮನಿರಬೇ ಎಂದು ಗದರಿಸಿದವರಲ್ಲಿ ನಾನೂ ಒಬ್ಬ. ಕನ್ನಡದ ರೋಚಕ ಚಿತ್ರಗಳ ಬಗ್ಗೆ ಕೇಳಲೇಬೇಕಾದ ಪ್ರಶ್ನೆ ಅದೇ ಎಂದು ಹೊಳೆದದ್ದು ಬಹಳ ವರ್ಷಗಳ ಮೇಲೆ.

1989ರ ‘ತರ್ಕ’ ನಿರ್ದೇಶಕ ಸುನಿಲ್ ಕುಮಾರ್ ದೇಸಾಯಿ ಅವರ ಮೊದಲ ಚಿತ್ರ. ಹಾಡಿಲ್ಲ, ಹಾಸ್ಯದ ಉಪಕಥೆಯಿಲ್ಲ. ಆ ಕಾಲದಲ್ಲಿ ಇದು ಸಣ್ಣ ಧೈರ್ಯವಲ್ಲ. ಹಿಂದಿಯಲ್ಲಿ ಯಶ್ ಚೋಪ್ರಾ 1969ರಲ್ಲೇ ‘ಇತ್ತೆಫಾಕ್’ ಮಾಡಿದ್ದರು. ಅಲ್ಲಿಯೂ ಹಾಡಿಲ್ಲ, ಓಡಿಬಂದ ಗಂಡಸು, ಮನೆಯಲ್ಲಿ ಒಬ್ಬಳೇ ಹೆಂಗಸು. ‘ತರ್ಕ’ ತಮಿಳಿಗೆ ಹೋಗಿ 1990ರಲ್ಲಿ ‘ಪುರಿಯಾದ ಪುದಿರ್’ ಆಯಿತು, ಕೆ.ಎಸ್. ರವಿಕುಮಾರ್ ಅವರನ್ನು ನಿರ್ದೇಶಕರನ್ನಾಗಿಸಿತು. ಕಥೆ ಹೆಣೆಯುವುದರಲ್ಲಿ ದೇಸಾಯಿ ಅವರನ್ನು ಮೀರಿಸಿದವರು ನಮ್ಮಲ್ಲಿ ಕಡಿಮೆ. ಆದರೆ ಈ ಬಗೆಯ ಚಿತ್ರಗಳು ಮನೆಯನ್ನು ಊರಿನಿಂದ ಕಿತ್ತು ಬೇರೆ ಇಡುತ್ತವೆ. ಒಳಗೆ ಅತ್ತೆಯಿಲ್ಲ, ಮಕ್ಕಳಿಲ್ಲ; ಹೊರಗೆ ಓಣಿಯಿಲ್ಲ.

ಇದೇ ಕಥಾಬೀಜದ ಹಳೆಯ ಹಾಲಿವುಡ್ ಚಿತ್ರ ವಿಲಿಯಂ ವೈಲರ್ ಅವರ ‘ದಿ ಡೆಸ್ಪರೇಟ್ ಅವರ್ಸ್’, 1955ರದು. ಜೈಲಿನಿಂದ ಓಡಿಬಂದ ಮೂವರು ಒಂದು ಸಂಸಾರವನ್ನು ಅವರ ಮನೆಯಲ್ಲೇ ಒತ್ತೆಯಾಗಿ ಹಿಡಿಯುತ್ತಾರೆ. ಮುಖಂಡನ ಪಾತ್ರ ಹಂಫ್ರಿ ಬೋಗಾರ್ಟ್‌ನದು, ಮನೆಯ ಯಜಮಾನ ಫ್ರೆಡ್ರಿಕ್ ಮಾರ್ಚ್. ಅಂಗಳದಲ್ಲಿ ಬಿದ್ದ ಹುಡುಗನ ಸೈಕಲ್ ನೋಡಿಯೇ ಮುಖಂಡ ಆ ಮನೆ ಆರಿಸುತ್ತಾನೆ. ಮಕ್ಕಳಿದ್ದವರು ಹುಂಬತನ ಮಾಡುವುದಿಲ್ಲ ಎಂಬ ಲೆಕ್ಕ ಅವನದು. ಇಷ್ಟು ಕ್ರೂರವಾದ ಜಾಣತನವನ್ನು ಒಂದು ಸೈಕಲ್ಲಿನಲ್ಲಿ ಹೇಳಿದ ಇನ್ನೊಂದು ದೃಶ್ಯ ನಾನು ಕಂಡಿಲ್ಲ.

ಬಂದೂಕು ತೋರಿಸುವ ದೃಶ್ಯಗಳು ಅಲ್ಲಿ ಬೇಕಾದಷ್ಟಿವೆ. ನನ್ನನ್ನು ಹಿಡಿದವು ಬಾಗಿಲು ಬಡಿಯುವ ದೃಶ್ಯಗಳು. ಮಗನ ಶಾಲೆಯ ಟೀಚರ್ ಬರುತ್ತಾಳೆ. ಮಗಳ ಗೆಳೆಯ ಬರುತ್ತಾನೆ. ಕಸ ಒಯ್ಯುವ ಮುದುಕ ಬರುತ್ತಾನೆ, ಕಾಣಬಾರದ್ದನ್ನು ಕಂಡು ಜೀವ ಕಳೆದುಕೊಳ್ಳುತ್ತಾನೆ. ಪ್ರತಿ ಸಲವೂ ಒಳಗಿನವರು ನಕ್ಕು ಮಾತಾಡಬೇಕು. ಆ ನಗುವಿನಲ್ಲಿ ಸಿನಿಮಾದ ಜೀವವಿದೆ.

ಆ ಚಿತ್ರದ ಹಿಂದೆ ನಿಜವಾದ ಘಟನೆಯೊಂದಿತ್ತು. 1952ರಲ್ಲಿ ಪೆನ್ಸಿಲ್ವೇನಿಯಾದ ಹಿಲ್ ಕುಟುಂಬವನ್ನು ಮೂವರು ಕೈದಿಗಳು 19 ತಾಸು ಒತ್ತೆಯಾಗಿ ಹಿಡಿದಿದ್ದರು. ಯಾರ ಮೈಮೇಲೂ ಕೈ ಮಾಡಲಿಲ್ಲ, ಮರ್ಯಾದೆಯಿಂದಲೇ ನಡೆದುಕೊಂಡರು. ಚಿತ್ರಕ್ಕೆ ಮೂಲವಾದ ಜೋಸೆಫ್ ಹೇಯ್ಸ್ ಅವರ ಕಾದಂಬರಿ, ನಾಟಕಗಳಲ್ಲಿ ಹೊಡೆತ ಬಂತು, ಮಗಳಿಗೆ ಹೊಲಸು ಮಾತು ಬಂತು. ‘ಲೈಫ್’ ಪತ್ರಿಕೆ ನಾಟಕವನ್ನೇ ಆ ಕುಟುಂಬದ ಕಥೆಯೆಂಬಂತೆ ಅಚ್ಚುಹಾಕಿತು. ಅಷ್ಟರಲ್ಲಿ ಜನರ ಕಣ್ಣಿಗೆ ಬೀಳುವುದೇ ಬೇಡವೆಂದು ಅವರು ಊರು ಬಿಟ್ಟಾಗಿತ್ತು. ಅವರು ಹೂಡಿದ ದಾವೆ ಸುಪ್ರೀಂ ಕೋರ್ಟಿಗೆ ಹೋಯಿತು. ಅವರ ಪರ ವಾದಿಸಿದವರು ಮುಂದೆ ಅಧ್ಯಕ್ಷರಾದ ರಿಚರ್ಡ್ ನಿಕ್ಸನ್. 1967ರಲ್ಲಿ ತೀರ್ಪು ಪತ್ರಿಕೆಯ ಕಡೆಗಾಯಿತು. ನಾಲ್ಕು ಮಂದಿ ಏನಂದಾರು ಎಂಬ ಅಂಜಿಕೆ ಅಮೆರಿಕದಲ್ಲೂ ಇತ್ತೆಂದ ಮೇಲೆ, ಅದರಲ್ಲೇ ಹುಟ್ಟಿ ಬೆಳೆದ ನಾವು ಅದನ್ನು ಸಿನಿಮಾಕ್ಕೆ ತರದೆ ಹೋದದ್ದು ನನಗೆ ನೋವಿನ ಸಂಗತಿ.

ದೇಸಾಯಿ ಅವರದೇ ‘ನಿಷ್ಕರ್ಷ’ದಲ್ಲಿ ಒತ್ತೆಯಾಳುಗಳು ಬಹಳ, ಆದರೆ ಅದು ಬಹುಮಹಡಿ ಕಟ್ಟಡ, ಅಲ್ಲಿರುವುದು ಜನ, ಸಂಸಾರವಲ್ಲ. 2012ರ ‘ದಂಡುಪಾಳ್ಯ’ ಮನೆಯೊಳಗೆ ನುಗ್ಗಿತು ನಿಜ. ಕ್ಯಾಮೆರಾ ಮಾತ್ರ ಕೊಂದವರ ಬೆನ್ನು ಬಿಡಲಿಲ್ಲ. ಸತ್ತವರು ಯಾರು, ಒಲೆಯ ಮೇಲೆ ಏನಿಟ್ಟಿದ್ದರು ಎಂದು ನೋಡುವ ವ್ಯವಧಾನ ಅದಕ್ಕಿರಲಿಲ್ಲ.

ಊರನ್ನು ಸಾಕ್ಷಿಯಾಗಿಟ್ಟು ಅಪರಾಧದ ಕಥೆ ಹೇಳುವ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಬೈಲಹೊಂಗಲ ಕಡೆಯ ಕೊಲೆಯೊಂದರಿಂದ ಹುಟ್ಟಿದ ‘ಸಂಗ್ಯಾ ಬಾಳ್ಯಾ’ ಸಣ್ಣಾಟ ನೋಡಿ. ಸಂಗ್ಯಾ ಮನಸೋತ ಗಂಗಿಯ ಮನೆಯ ಗುಟ್ಟು ಮನೆಯೊಳಗೆ ನಿಲ್ಲುವುದಿಲ್ಲ, ಗೆಳೆಯ ಬಾಳ್ಯಾನೇ ಸಂಗ್ಯಾನ ಕೊರಳಿಗೆ ಉರುಳಾಗುತ್ತಾನೆ. ನೋಡಲು ಕೂತ ಊರೂ ಆಟದೊಳಗಿನ ಸಾಕ್ಷಿಯಂತೆಯೇ ಕೂತಿರುತ್ತದೆ. ಊರಿನ ಕಣ್ಣೆದುರು ಅಪರಾಧವನ್ನು ಇಡುವುದು ಸಣ್ಣಾಟಕ್ಕೆ ಗೊತ್ತಿತ್ತು. ಆ ವಿದ್ಯೆ ನಮ್ಮ ರೋಚಕ ಚಿತ್ರಗಳಿಗೆ ದಾಟಲಿಲ್ಲ.

ದಾಟಿದ್ದರೆ ಹೇಗಿರುತ್ತಿತ್ತು? ದುಮ್ಮವಾಡದ ಒಂದು ಮನೆ ಎಣಿಸಿಕೊಳ್ಳಿ. ಬಾಗಿಲಿಗೆ ಹೊತ್ತು ಮುಳುಗುವ ಮೊದಲೇ ಅಗಳಿ ಬಿದ್ದಿದೆ. ಅಷ್ಟಕ್ಕೇ ಓಣಿ ತಿರುಗಿ ನೋಡುತ್ತದೆ. ಹಿಂಡದೆ ಬಿಟ್ಟ ಎಮ್ಮೆ ಒದರುತ್ತಿದೆ. ಬಾಜೂ ಮನೆಯ ಹುಡುಗಿ ಬಟ್ಟಲು ಹಿಡಿದು ಬಂದು, ‘ಕಾಕೂ, ಹಾಲಿಗೆ ಹೆಪ್ಪು ಬೇಕಾಗೇತಿ’ ಎಂದು ಬಾಗಿಲು ಬಡಿಯುತ್ತಾಳೆ. ಬಾಗಿಲ ಸಂದಿಗೆ ಚೂರಿ ಹಿಡಿದವನು ನಿಂತಿದ್ದಾನೆ, ನಡುಮನೆಯಲ್ಲಿ ಮಗು. ಕಾಕು ಅಗಳಿ ತೆಗೆಯಬೇಕು, ಹೆಪ್ಪು ಕೊಡಬೇಕು, ‘ನಿಮ್ಮವ್ವ ಏನ್ ಮಾಡಾಕತ್ತಾಳ’ ಎಂದು ದಿನದಂತೆ ಕೇಳಬೇಕು.