ಗಣಿತಸಾರಸಂಗ್ರಹದ ನ್ಯಾಸ : ಭಿನ್ನರಾಶಿಯ ಬೋಧನೆಯ ದೃಷ್ಟಿಯಿಂದ ಒಂದು ವಿಮರ್ಶೆ

ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. ೮೫೦ರ ಸುಮಾರಿಗೆ, ಮಹಾವೀರಾಚಾರ್ಯರು ರಚಿಸಿದ ಗಣಿತಸಾರಸಂಗ್ರಹವನ್ನು ಕುರಿತ ವಿವೇಚನೆಗಳು ಬಹುಮಟ್ಟಿಗೆ ಆ ಗ್ರಂಥದ ಶಾಸ್ತ್ರಾಂಶಕ್ಕೇ ಸೀಮಿತವಾಗಿವೆ. ಭಿನ್ನರಾಶಿಗಳ ಛೇದಗಳನ್ನು ಸಮಗೊಳಿಸುವ 'ನಿರುದ್ಧ'ದ ವಿಧಾನ, ಒಂದನ್ನು ಏಕಾಂಶ ಭಿನ್ನಗಳ ಮೊತ್ತವಾಗಿ ಬಿಡಿಸುವ ಸೂತ್ರ ಮೊದಲಾದವುಗಳಿಗೆ ಗಣಿತೇತಿಹಾಸಕಾರರು ಸಲ್ಲಬೇಕಾದ ಗೌರವವನ್ನು ಸಲ್ಲಿಸಿದ್ದಾರೆ. ಆದರೆ ಈ ಕೃತಿಯು ಶಾಸ್ತ್ರಗ್ರಂಥವಾಗಿರುವಷ್ಟೇ ಪಾಠಗ್ರಂಥವೂ ಆಗಿದೆ. ಬಾಲಕನಿಗೆ ವ್ಯವಹಾರದ ಲೆಕ್ಕವನ್ನು ಕಲಿಸುವ ಕ್ರಮವು ಇದರಲ್ಲಿ ಹೇಗೆ ಅಡಗಿದೆ, ಆ ಕ್ರಮವನ್ನು ಮುದ್ರಿತ ಆವೃತ್ತಿಗಳು ಎಷ್ಟರಮಟ್ಟಿಗೆ ಉಳಿಸಿಕೊಂಡಿವೆ ಎಂಬ ಪ್ರಶ್ನೆಗೆ ಸಾಕಷ್ಟು ಗಮನ ದೊರೆತಿಲ್ಲ.

ಗ್ರಂಥದ ರಚನೆಯು ಸರಳವಾದುದು. ಮೊದಲು ಕರಣಸೂತ್ರ, ಅದರ ಬೆನ್ನಿಗೆ ಉದ್ದೇಶಕ, ಎಂದರೆ ಉದಾಹರಣೆ. ಸೂತ್ರವು ಕ್ರಿಯೆಯನ್ನು ಹೇಳುತ್ತದೆ. ಉದ್ದೇಶಕವು ಮುತ್ತು, ಚಿನ್ನ, ಧಾನ್ಯ, ಬಡ್ಡಿ ಮೊದಲಾದ ಲೋಕವ್ಯವಹಾರದ ಮಾತುಗಳಲ್ಲಿ ಪ್ರಶ್ನೆಯನ್ನು ಒಡ್ಡುತ್ತದೆ. ಇವೆರಡರ ನಡುವೆ ಒಂದು ಮೆಟ್ಟಿಲು ಉಂಟು. ಉದ್ದೇಶಕದ ಮಾತುಗಳನ್ನು ಅಂಕಿಗಳಾಗಿ ಪರಿವರ್ತಿಸಿ, ಯಾವ ಅಂಕಿ ಎಲ್ಲಿ ನಿಲ್ಲಬೇಕೆಂಬುದನ್ನು ನಿರ್ಣಯಿಸುವುದೇ ಆ ಮೆಟ್ಟಿಲು. ಇದನ್ನು ಗಣಿತಪರಂಪರೆಯು 'ನ್ಯಾಸ' ಎಂದು ಕರೆಯುತ್ತದೆ. ಭಿನ್ನರಾಶಿಯ ಲೆಕ್ಕದಲ್ಲಿ ಬಾಲಕನು ಎಡವುವುದು ಸಾಮಾನ್ಯವಾಗಿ ಕ್ರಿಯೆಯಲ್ಲಿ ಅಲ್ಲ, ನ್ಯಾಸದಲ್ಲಿ.

ಪ್ರಕೀರ್ಣಕ ವ್ಯವಹಾರದ ಪ್ರಸಿದ್ಧವಾದ ಮುತ್ತಿನ ಹಾರದ ಲೆಕ್ಕವು ಇದಕ್ಕೆ ನಿದರ್ಶನವಾಗಿದೆ. ಪ್ರಣಯಕಲಹದಲ್ಲಿ ಹಾರವು ಹರಿದು ಮುತ್ತುಗಳಲ್ಲಿ ಮೂರನೆಯ ಒಂದು ಭಾಗ ದಾಸಿಯ ಕಡೆಗೂ ಆರನೆಯ ಒಂದು ಭಾಗ ಹಾಸಿಗೆಯ ಮೇಲೂ ಬೀಳುತ್ತವೆ. ಬಳಿಕ ಉಳಿದುದರ ಅರ್ಧ, ಮತ್ತೆ ಉಳಿದುದರ ಅರ್ಧ, ಹೀಗೆ ಆರು ಸಲ ಚದುರಿ, ಕೊನೆಗೆ ೧೧೬೧ ಮುತ್ತುಗಳು ಉಳಿಯುತ್ತವೆ. ಮೊದಲ ಎರಡು ಭಾಗಗಳು ಇಡಿಯ ಭಾಗಗಳು, ಕೂಡಿದರೆ ೧/೨. ಅನಂತರದ ಆರು ಅರ್ಧಗಳು ಶೇಷದ ಭಾಗಗಳು. ಆದುದರಿಂದ ಉಳಿದುದು ಇಡಿಯ ೧/೧೨೮. ೧೧೬೧ನ್ನು ೧೨೮ರಿಂದ ಗುಣಿಸಿದರೆ ೧,೪೮,೬೦೮ ಎಂಬ ಉತ್ತರ ದೊರೆಯುತ್ತದೆ. ಆರು ಅರ್ಧಗಳನ್ನೂ ಇಡಿಯಿಂದಲೇ ಕಳೆಯಹೊರಟ ವಿದ್ಯಾರ್ಥಿಗೆ ಹಾರದಲ್ಲಿದ್ದುದಕ್ಕಿಂತ ಚದುರಿದ ಮುತ್ತೇ ಹೆಚ್ಚಾಗುತ್ತದೆ. ಅವನಿಗೆ ಗುಣಾಕಾರ ಭಾಗಾಕಾರಗಳು ತಿಳಿಯವೆಂದಲ್ಲ. 'ಯಾವುದರ ಭಾಗ' ಎಂಬ ಪ್ರಶ್ನೆಯನ್ನು ಅವನು ಕೇಳಿಕೊಳ್ಳಲಿಲ್ಲ. ಇಂದಿನ ಅಂಗಡಿಯಲ್ಲಿ ಶೇಕಡಾ ೨೦ರ ರಿಯಾಯಿತಿಯ ಮೇಲೆ ಮತ್ತೆ ಶೇಕಡಾ ೧೦ರ ರಿಯಾಯಿತಿ ಎಂದಾಗ ಅದನ್ನು ಶೇಕಡಾ ೩೦ ಎಂದು ತಿಳಿಯುವವನ ತಪ್ಪೂ ಇದೇ ಆಗಿದೆ. ಎರಡನೆಯದು ಉಳಿದ ಎಂಬತ್ತರ ಮೇಲಿನದಾದ್ದರಿಂದ ನಿಜವಾದ ರಿಯಾಯಿತಿ ಶೇಕಡಾ ೨೮ ಮಾತ್ರ.

ಬಡ್ಡಿಯ ಲೆಕ್ಕದಲ್ಲಿ ನ್ಯಾಸದ ಮಹತ್ತ್ವವು ಇನ್ನೂ ಸ್ಪಷ್ಟವಾಗುತ್ತದೆ. ಆಚಾರ್ಯರ ಗ್ರಂಥದಲ್ಲಿ ಬಡ್ಡಿಯ ದರವನ್ನು ನೂರಕ್ಕೆ, ಒಂದು ತಿಂಗಳಿಗೆ ಹೇಳುವುದು ವಾಡಿಕೆ. ನೂರಕ್ಕೆ ತಿಂಗಳಿಗೆ ೨ರಂತೆ ೬೦ಕ್ಕೆ ೧೨ ತಿಂಗಳ ಬಡ್ಡಿ ಎಷ್ಟು ಎಂದು ಕೇಳಿದರೆ, ಪಂಚರಾಶಿಕದ ನ್ಯಾಸದಲ್ಲಿ ಒಂದು ಪಕ್ಕ ೧೦೦, ೧, ೨ ಎಂದೂ ಇನ್ನೊಂದು ಪಕ್ಕ ೬೦, ೧೨ ಎಂದೂ ಬರೆಯಬೇಕಾಗುತ್ತದೆ. ಉತ್ತರ ೧೪ ೨/೫, ದಶಾಂಶದಲ್ಲಿ ೧೪.೪. ಇಲ್ಲಿ 'ಒಂದು ತಿಂಗಳು' ಎಂಬ ಅಂಕಿಯನ್ನು ಬರೆಯದೆ ಮುಂದುವರಿಯುವಂತಿಲ್ಲ. ಇಂದಿನ ಶೇಕಡಾ ಚಿಹ್ನೆಯಾದರೋ ಕಾಲವನ್ನು ಮರೆಮಾಡುತ್ತದೆ. ಬ್ಯಾಂಕಿನ ದರವು ವರ್ಷಕ್ಕೆ ಸಂಬಂಧಿಸಿದುದು. ಹಳ್ಳಿಯ ಕೈಸಾಲದಲ್ಲಿ 'ಎರಡು ರೂಪಾಯಿ ಬಡ್ಡಿ' ಎಂದರೆ ನೂರಕ್ಕೆ ತಿಂಗಳಿಗೆ ಎರಡು, ಅಂದರೆ ವರ್ಷಕ್ಕೆ ಇಪ್ಪತ್ತನಾಲ್ಕು. ಈ ಭೇದವನ್ನು ಅರಿಯದ ಬಾಲಕನು ಪರೀಕ್ಷೆಯಲ್ಲಿ ತೇರ್ಗಡೆಯಾಗಬಹುದು, ಸಾಲಪತ್ರದ ಮುಂದೆ ಸೋಲುತ್ತಾನೆ.

ಮಾನಗಳ ವಿಷಯವೂ ಹೀಗೆಯೇ. ಬಡ್ಡಿಗೆ ನೂರು ಆಧಾರವಾದರೆ, ಚಿನ್ನಕ್ಕೆ ಹದಿನಾರು. ಹದಿನಾರು ವರ್ಣದ ಚಿನ್ನವೇ ಶುದ್ಧ. ಹನ್ನೆರಡು ವರ್ಣದ ಚಿನ್ನವೆಂದರೆ ಮುಕ್ಕಾಲು ಪಾಲು ಶುದ್ಧ. ಅದೇ ಶೇಕಡಾ ೭೫, ಅದೇ ದಶಾಂಶದ ೦.೭೫, ಅದೇ ಇಂದಿನ ಹದಿನೆಂಟು ಕ್ಯಾರೆಟ್, ಆಭರಣದ ಮೇಲೆ ಒತ್ತುವ ೭೫೦ ಎಂಬ ಮುದ್ರೆಯೂ ಅದೇ. ಕನ್ನಡ ನಾಡಿನ ಬಾಲಕರಿಗೆ ಹದಿನಾರರ ಭಾಗವು ಅಪರಿಚಿತವಾಗಿರಲಿಲ್ಲ. ವೀಸವೆಂದರೆ ೧/೧೬, ರೂಪಾಯಿಗೆ ಹದಿನಾರು ಆಣೆ, ಕಾಲು, ಅರೆ, ಮುಕ್ಕಾಲುಗಳ ಮಗ್ಗಿ ಬಾಯಿಪಾಠವಾಗಿತ್ತು. ೧೯೫೭ರ ಏಪ್ರಿಲ್ ೧ರಂದು ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದ ಬಳಿಕ ಹಣಕ್ಕೂ ಶೇಕಡಾವಾರಿಗೂ ನೂರೇ ಆಧಾರವಾಯಿತು. ಮೇಲಿನ ಬಡ್ಡಿಯು ೧೪ ರೂಪಾಯಿ ೪೦ ಪೈಸೆಯೆಂದು ನೇರವಾಗಿ ದೊರೆಯುತ್ತದೆ; ಆಣೆಯ ಲೆಕ್ಕದಲ್ಲಿ ಅದು ೧೪ ರೂಪಾಯಿ ೬ ೨/೫ ಆಣೆ. ಈ ಸೌಕರ್ಯವು ಅಲ್ಲಗಳೆಯುವಂಥದಲ್ಲ. ಆದರೆ ಒಂದೇ ಪ್ರಮಾಣವು ಭಿನ್ನ, ದಶಾಂಶ, ಶೇಕಡಾ ಎಂಬ ಮೂರು ವೇಷಗಳಲ್ಲಿ ಬರುತ್ತದೆಂಬ ಅರಿವು ಎರಡು ಆಧಾರಗಳ ನಡುವೆ ಓಡಾಡುವವನಿಗೆ ಸಹಜವಾಗಿ ಮೂಡುತ್ತದೆ. ಒಂದೇ ಆಧಾರವನ್ನು ಬಲ್ಲವನಿಗೆ ಅದನ್ನು ಪ್ರತ್ಯೇಕವಾಗಿ ಕಲಿಸಬೇಕಾಗುತ್ತದೆ.

ಈಗ ಹಸ್ತಪ್ರತಿಗಳ ಕಡೆಗೆ ಗಮನ ಹರಿಸಬಹುದು. ಎಂ. ರಂಗಾಚಾರ್ಯರು ೧೯೧೨ರಲ್ಲಿ ಮದರಾಸಿನಿಂದ ಪ್ರಕಟಿಸಿದ ಆವೃತ್ತಿಯೇ ಈ ಗ್ರಂಥದ ಆಧುನಿಕ ಅಧ್ಯಯನಕ್ಕೆ ತಳಹದಿ. ಅವರು ಬಳಸಿದ ಪ್ರತಿಗಳಲ್ಲಿ ಒಂದು ಗ್ರಂಥಲಿಪಿಯದು. ಮೊದಲ ಐದು ಅಧ್ಯಾಯಗಳನ್ನು ಸಂಸ್ಕೃತ ವ್ಯಾಖ್ಯಾನದೊಡನೆ ಒಳಗೊಂಡಿದೆ. ಇನ್ನೊಂದು ಕನ್ನಡ ಲಿಪಿಯ ತಾಳೆಯೋಲೆ. ಅದರಲ್ಲಿಯೂ ಐದೇ ಅಧ್ಯಾಯಗಳಿವೆ, ಉದಾಹರಣೆಗಳ ಅಂಕಿಗಳೂ ಉತ್ತರಗಳೂ ಸಂಕ್ಷೇಪವಾಗಿ ಕನ್ನಡದಲ್ಲಿ ನಿರೂಪಿತವಾಗಿವೆ. ಮತ್ತೊಂದರಲ್ಲಿ ವಲ್ಲಭನೆಂಬವನ ಕನ್ನಡ ಟೀಕೆಯಿದೆ. ಲಿಪಿಯಲ್ಲಿಯೂ ವ್ಯಾಖ್ಯಾನದ ಭಾಷೆಯಲ್ಲಿಯೂ ಬೇರೆಯಾದ ಎರಡು ಪ್ರತಿಗಳು ತ್ರೈರಾಶಿಕದ ಅಧ್ಯಾಯಕ್ಕೇ ನಿಲ್ಲುವುದು ಗಮನಾರ್ಹ. ಓಲೆ ಕಳೆದುಹೋದುದರಿಂದ ಹಾಗಾಗಿರುವುದೂ ಸಾಧ್ಯ. ಆದರೆ ಪರಿಕರ್ಮ, ಕಲಾಸವರ್ಣ, ಪ್ರಕೀರ್ಣಕ, ತ್ರೈರಾಶಿಕಗಳೇ ಪ್ರಾಥಮಿಕ ಪಾಠಕ್ರಮವಾಗಿದ್ದು, ಆ ಅಳತೆಗೆ ಪ್ರತಿಯನ್ನು ಮಾಡಿಸಿಕೊಂಡರೆಂದು ಊಹಿಸುವುದು ಹೆಚ್ಚು ಯುಕ್ತವಾಗಿ ತೋರುತ್ತದೆ. ಸೂತ್ರವನ್ನು ವಿಸ್ತರಿಸದೆ ಅಂಕಿ ಮತ್ತು ಉತ್ತರಗಳನ್ನಷ್ಟೇ ಬರೆದಿಟ್ಟುಕೊಂಡ ಕನ್ನಡ ಪ್ರತಿಯು ಬೋಧಿಸುವವನ ಕೈಹೊತ್ತಗೆಯಂತಿದೆ.

ರಂಗಾಚಾರ್ಯರ ಆವೃತ್ತಿಯಲ್ಲಿ ಮೂಲಪಾಠ, ಇಂಗ್ಲಿಷ್ ಅನುವಾದ, ಬೀಜಗಣಿತದ ಟಿಪ್ಪಣಿಗಳು, ಅನುಬಂಧದಲ್ಲಿ ಉತ್ತರಗಳು ಮತ್ತು ಮಾನಗಳ ಕೋಷ್ಟಕ ಎಲ್ಲವೂ ಇವೆ. ಅವರ ಪರಿಶ್ರಮದ ಮುಂದೆ ತಲೆಬಾಗದ ವಿದ್ವಾಂಸನಿಲ್ಲ. ಆದರೆ ಕನ್ನಡದ ಈ ಸ್ತರವು ಅದರಲ್ಲಿ ಅಚ್ಚಾಗಲಿಲ್ಲ. ಪ್ರಶ್ನೆ ಒಂದು ಕಡೆ, ಉತ್ತರ ಇನ್ನೊಂದು ಕಡೆ ಉಳಿದು, ನಡುವಣ ನ್ಯಾಸವು ಬಿಟ್ಟುಹೋಯಿತು. ೧೯೬೩ರಲ್ಲಿ ಸೊಲ್ಲಾಪುರದಿಂದ ಲಕ್ಷ್ಮೀಚಂದ್ರ ಜೈನ್ ಅವರ ಹಿಂದಿ ಅನುವಾದವೂ ೨೦೦೦ದಲ್ಲಿ ಹೊಂಬುಜದಿಂದ ಪದ್ಮಾವತಮ್ಮ ಅವರ ಕನ್ನಡ ಅನುವಾದವೂ ಹೊರಬಂದು ಗ್ರಂಥವನ್ನು ಇನ್ನಷ್ಟು ಓದುಗರಿಗೆ ತಲುಪಿಸಿದುವು. ಹಳೆಯ ಪ್ರತಿಗಳ ನ್ಯಾಸವಾದರೋ ಅನುವಾದದಿಂದ ಒದಗುವ ವಸ್ತುವಲ್ಲ. ಅದನ್ನು ಓಲೆಗಳಿಂದಲೇ ಎತ್ತಿಕೊಡಬೇಕು.

ಕರ್ತೃವಿನ ಪಾಠವನ್ನು ನಿರ್ಣಯಿಸುವುದಷ್ಟೇ ಸಂಪಾದಕನ ಹೊಣೆ, ಓದುಗರು ಅಂಚಿನಲ್ಲಿ ಗೀಚಿದ ಅಂಕಿಗಳು ಪಾಠಕ್ಕೆ ಸೇರಿದವಲ್ಲ ಎಂಬ ಆಕ್ಷೇಪವು ಏಳಬಹುದು. ಗಣಿತಗ್ರಂಥದ ಮಟ್ಟಿಗೆ ಈ ಆಕ್ಷೇಪವು ನಿಲ್ಲದು. ಪದ್ಯದಲ್ಲಿ ಸಂಖ್ಯಾಪದಗಳು ಅಪಭ್ರಷ್ಟವಾದಾಗ ಅಂಕಿಯೂ ಉತ್ತರವೂ ಸ್ವತಂತ್ರ ಸಾಕ್ಷಿಗಳಾಗುತ್ತವೆ. ಮುತ್ತಿನ ಲೆಕ್ಕದಲ್ಲಿ ಇಡಿಯ ಮೂರನೆಯ ಒಂದು ಭಾಗವು ಪೂರ್ಣಸಂಖ್ಯೆಯಾಗಬೇಕಾದರೆ ಉಳಿದ ಮುತ್ತುಗಳ ಸಂಖ್ಯೆ ಮೂರರಿಂದ ಭಾಗವಾಗಲೇಬೇಕು. ೧೧೬೧ ಹಾಗೆ ಭಾಗವಾಗುತ್ತದೆ. ಹಾಗೆ ಭಾಗವಾಗದ ಪಾಠಾಂತರವಿದ್ದರೆ ಅದು ಲಿಪಿಕಾರನ ಪ್ರಮಾದವೆಂದು ವ್ಯಾಕರಣ ಛಂದಸ್ಸುಗಳ ನೆರವಿಲ್ಲದೆಯೇ ಹೇಳಬಹುದು. ಬಾಲಕನಿಗೆ ದಾರಿ ತೋರುವ ನ್ಯಾಸವೇ ಸಂಪಾದಕನಿಗೂ ಒರೆಗಲ್ಲಾಗಿದೆ.

ಆದುದರಿಂದ ಮುಂದಿನ ಸಂಪಾದನೆಯಲ್ಲಿ ಪ್ರತಿಯೊಂದು ಉದ್ದೇಶಕದ ಕೆಳಗೆ ಹಸ್ತಪ್ರತಿಗಳಲ್ಲಿ ದೊರೆಯುವ ನ್ಯಾಸವನ್ನು ಆಯಾ ಪ್ರತಿಯ ಸಂಕೇತದೊಡನೆ ಮುದ್ರಿಸುವುದು, ವಲ್ಲಭನ ಟೀಕೆಯನ್ನು ಮೂಲದೊಡನೆ ಹೊಂದಿಸಿಕೊಡುವುದು, ಹನ್ನೆರಡನೆಯ ಶತಮಾನದ ರಾಜಾದಿತ್ಯನ ವ್ಯವಹಾರಗಣಿತದ ಉದಾಹರಣೆಗಳೊಡನೆ ಅದನ್ನು ಹೋಲಿಸುವುದು, ಈ ಮೂರು ಕಾರ್ಯಗಳು ಆಗಬೇಕಾಗಿವೆ. ಜೈನ ಮಠಗಳ ಭಂಡಾರಗಳಲ್ಲಿ ಗಣಿತದ ಓಲೆಗಳನ್ನು ಪಟ್ಟಿಮಾಡುವವರು ಗ್ರಂಥನಾಮ, ಪತ್ರಸಂಖ್ಯೆಗಳ ಜೊತೆಗೆ ಅಂಕಿಗಳ ಸ್ಥಾಪನೆ ಇದೆಯೇ ಎಂಬುದನ್ನೂ ಒಂದು ಮಾತಿನಲ್ಲಿ ನಮೂದಿಸಿದರೆ ಈ ಕಾರ್ಯಕ್ಕೆ ದಾರಿಯಾಗುತ್ತದೆ. ಅಂಥ ಓಲೆಗಳು ಶಿಥಿಲವಾದರೆ ಸೂತ್ರಗಳು ಮುದ್ರಣದಲ್ಲಿ ಉಳಿದಾವು. ಅವುಗಳನ್ನು ಕನ್ನಡದ ಮಕ್ಕಳಿಗೆ ಹೇಗೆ ಹೇಳಿಕೊಟ್ಟರೆಂಬುದು ಮಾತ್ರ ಉಳಿಯಲಾರದು.