ಮನೆಯ ಮೊಬೈಲು ಮತ್ತು ಮಕ್ಕಳ ಪಾಲು: ಒಂದು ವಿಮರ್ಶೆ

ಗ್ರಾಮಾಂತರದ ತರುಣರು ಡಿಜಿಟಲ್ ಮಾಧ್ಯಮಗಳ ವ್ಯಾಪ್ತಿಯೊಳಗೆ ಬಂದಿರುವರೇ ಎಂಬುದನ್ನು ಸಾಮಾನ್ಯವಾಗಿ ಎರಡು ಪ್ರಶ್ನೆಗಳಿಂದ ನಿರ್ಣಯಿಸುವುದುಂಟು: ಮನೆಯಲ್ಲಿ ಉಪಕರಣವಿದೆಯೇ? ಅದನ್ನು ಒಮ್ಮೆಯಾದರೂ ಬಳಸಿದ್ದುಂಟೇ? ಪ್ರಶ್ನೆಗಳು ಅವಶ್ಯಕವಾದುವೇ. ಆದರೆ ಇವುಗಳ ಉತ್ತರವನ್ನೇ ‘ಒಳಗೊಳ್ಳುವಿಕೆ’ ಎಂದು ಕರೆಯುವುದು ಸಾಧುವಲ್ಲವೆಂದು ನಮ್ಮ ಅಭಿಪ್ರಾಯ. ಬೇಲೂರು ತಾಲ್ಲೂಕನ್ನು ಮುಂದಿಟ್ಟುಕೊಂಡು ಇದನ್ನು ಪರಿಶೀಲಿಸಬಹುದು.

ಕರ್ನಾಟಕದಲ್ಲಿ 15ರಿಂದ 49 ವರ್ಷದ ಗಂಡಸರಲ್ಲಿ ಶೇಕಡ 62.4 ಮಂದಿ ಎಂದಾದರೂ ಇಂಟರ್‌ನೆಟ್ ಬಳಸಿದವರೆಂದೂ, ಹೆಂಗಸರಲ್ಲಿ ಶೇಕಡ 35 ಮಂದಿ ಮಾತ್ರ ಬಳಸಿದವರೆಂದೂ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ತಿಳಿಸುತ್ತದೆ. ಇವರು ಬಹುಮಟ್ಟಿಗೆ ಒಂದೇ ಸೂರಿನ ಕೆಳಗೆ ಬಾಳುವವರೆಂಬುದನ್ನು ಗಮನಿಸಬೇಕು. ಮನೆಗೆ ಬಂದ ವಸ್ತು ಮನೆಮಂದಿಗೆಲ್ಲ ಸಮನಾಗಿ ಸಲ್ಲುವುದಿಲ್ಲ.

2020ರಲ್ಲಿ ಶಾಲೆಗಳು ಮುಚ್ಚಿದಾಗ ಈ ದೋಷ ಬಯಲಾಯಿತು. ಅಂದಿನ ‘ವಿದ್ಯಾಗಮ’ ಯೋಜನೆಯು ಮನೆಯಲ್ಲಿರುವ ಉಪಕರಣವನ್ನನುಸರಿಸಿ ಮಕ್ಕಳನ್ನು ಮೂರು ಗುಂಪುಗಳಾಗಿ ವಿಂಗಡಿಸಿತು. ತಂದೆಯ ಜೇಬಿನಲ್ಲಿ ಕೂಲಿಗೆ ಹೊರಟುಹೋಗುವ ಮೊಬೈಲು ಪಾಠದ ಹೊತ್ತಿಗೆ ಮನೆಯಲ್ಲಿರಲಾರದೆಂಬುದು ಈ ವಿಂಗಡಣೆಗೆ ಕಾಣುವಂತಿರಲಿಲ್ಲ. ಅದೇ ಯೋಜನೆಯಲ್ಲಿ ಉಪಾಧ್ಯಾಯರು ಅರಳಿಕಟ್ಟೆಗಳಿಗೂ ದೇವಸ್ಥಾನದ ಜಗಲಿಗಳಿಗೂ ಹೋಗಿ ಪಾಠ ಹೇಳಿದರೆಂಬುದು ಅದರ ಗುಣಪಕ್ಷ.

ಇನ್ನು ಭಾಷೆಯ ವಿಚಾರ. ಅರೇಹಳ್ಳಿ, ಬಿಕ್ಕೋಡುಗಳ ಸುತ್ತಿನ ಪ್ರದೇಶ ಕಾಫಿಯ ಸೀಮೆ. ಅಸ್ಸಾಮಿನಂಥ ದೂರದ ನಾಡಿನಿಂದ ಇಂಥ ತೋಟಗಳಿಗೆ ಬಂದು ಲೈನ್ ಮನೆಗಳಲ್ಲಿ ನೆಲಸಿದವರ ಮಗನೊಬ್ಬನನ್ನು ಭಾವಿಸೋಣ. ತಾಯ್ನುಡಿಯ ಹಾಡು, ಊರಿನ ಅಜ್ಜಿಯ ದನಿ ಎಲ್ಲವೂ ಅವನಿಗೆ ಮೊಬೈಲಿನಲ್ಲಿಯೇ ದೊರೆಯುತ್ತವೆ. ಶಾಲೆಯ ಸೂಚನೆ ಬರುವುದು ಮಾತ್ರ ಅವನ ಮನೆಯಲ್ಲಿ ಯಾರೂ ಓದಲಾರದ ಕನ್ನಡದಲ್ಲಿ. ಸಮೀಕ್ಷೆಯ ಲೆಕ್ಕದಲ್ಲಿ ಅವನು ಒಳಗಿನವನು. ಶಾಲೆಯ ಮಟ್ಟಿಗೆ ಇನ್ನೂ ಹೊಸ್ತಿಲಿನಾಚೆ ನಿಂತವನು.

ಬಳಕೆ ಬೆಳೆದಂತೆ ಒಳಗೊಳ್ಳುವಿಕೆ ತಾನಾಗಿಯೇ ಬರುವುದೆಂಬ ಆಕ್ಷೇಪ ಹುಟ್ಟಬಹುದು. ಹಲ್ಮಿಡಿಯ ಶಾಸನವು ದೊರೆತದ್ದು ಇದೇ ತಾಲ್ಲೂಕಿನಲ್ಲಿ. ಊರಮುಂದೆ ಕಲ್ಲು ನಿಂತ ಮಾತ್ರಕ್ಕೆ ಊರವರೆಲ್ಲರೂ ಅಕ್ಷರಸ್ಥರಾದರೆಂದು ಯಾವ ಇತಿಹಾಸಕಾರನೂ ವಾದಿಸಲಾರನು. ಉಪಕರಣದ ವಿಷಯದಲ್ಲಿ ಮಾತ್ರ ನಾವು ಹಾಗೆ ವಾದಿಸುತ್ತಿದ್ದೇವೆ.

ಆದುದರಿಂದ ಮುಂದಿನ ಅಧ್ಯಯನಗಳು ಮನೆಯನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಹಿಡಿಯಲಿ. ಮೊಬೈಲು ಯಾರ ಕೈಯಲ್ಲಿ, ಯಾವ ಹೊತ್ತಿನಲ್ಲಿ, ಯಾವ ಭಾಷೆಯಲ್ಲಿ ಎಂಬ ಮೂರನ್ನು ಕೇಳಲಿ. ಇದಕ್ಕೆ ದೊಡ್ಡ ಧನಸಹಾಯ ಬೇಕಿಲ್ಲ. ನಮ್ಮ ವಿದ್ಯಾರ್ಥಿಗಳು ತಮ್ಮ ಮನೆಯ ತಂಗಿಯನ್ನು ಕೇಳಿ ಆರಂಭಿಸಬಹುದು.