ಚೀಟಿ, ಕತ್ತರಿ, ಕೊನೆಯ ಬಸ್ಸು

ಮೆಡಿಕಲ್ ಶಾಪಿನಿಂದ ತಂದ ಮಾತ್ರೆ ಬೇರೆಯದೇ ಎಂದು ಗೊತ್ತಾದರೆ ನಮ್ಮ ಕಡೆ ಮೊದಲು ಏಳುವ ಪ್ರಶ್ನೆ, ‘ಯಾರು ಕೊಟ್ಟದ್ದು?’ ಹುಡುಗನ ಹೆಸರು ಸಿಕ್ಕಿತೆಂದರೆ ವಿಚಾರಣೆ ಮುಗಿಯಿತು. ಅಂಗಡಿಯವರು ಅವನಿಗೆ ನಾಲ್ಕು ಮಾತು ಬೈದು ಮಾತ್ರೆ ಬದಲಿಸಿ ಕೊಡುತ್ತಾರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಔಷಧಿ ಅಂಗಡಿಗಳ ಕೆಲಸವನ್ನು ತೂಗಿ ನೋಡಿದರೆ ನನಗೆ ದೊಡ್ಡ ಕೊರತೆಯಾಗಿ ಕಾಣುವುದು ಆ ಹುಡುಗನಲ್ಲ, ಈ ವಿಚಾರಣೆ.

ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ 1990ರ ತಮ್ಮ ‘ಹ್ಯೂಮನ್ ಎರರ್’ ಪುಸ್ತಕದಲ್ಲಿ ತಪ್ಪುಗಳನ್ನು ಬಗೆಬಗೆಯಾಗಿ ಬಿಡಿಸಿಟ್ಟರು. ಕೈತಪ್ಪು ಬೇರೆ, ಮರೆವು ಬೇರೆ, ತಪ್ಪು ತಿಳಿವಳಿಕೆಯಿಂದ ಆಗುವುದು ಬೇರೆ, ಗೊತ್ತಿದ್ದೂ ನಿಯಮ ಮುರಿಯುವುದು ಬೇರೆ. ಬೈಗುಳ ಕೆಲಸ ಮಾಡುವುದೇ ಆದರೆ ಕೊನೆಯದಕ್ಕೆ ಮಾತ್ರ, ಅದೂ ಸ್ವಲ್ಪ ದಿನ. ಉಳಿದವುಗಳ ಬೇರು ಅಂಗಡಿಯ ವ್ಯವಸ್ಥೆಯಲ್ಲಿ, ಔಷಧ ಕಂಪನಿಯ ಹೆಸರಿಡುವ ಚಾಳಿಯಲ್ಲಿ, ಡಾಕ್ಟರ ಅಕ್ಷರದಲ್ಲಿ ಇರುತ್ತದೆ.

ಹೆಸರಿನ ಗೊಂದಲ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಮಿದುಳಿಗೆ ಏರುವ ಮಲೇರಿಯಾಕ್ಕೆ ಒಂದು ಕಂಪನಿಯ ಫಾಲ್ಸಿಗೊ, ಇನ್ನೊಂದರ ಫಾಲ್ಸಿಟ್ಯಾಬ್. ಕಾಯಿಲೆ ಒಂದೇ, ಒಳಗಿನ ಮದ್ದು ಬೇರೆ ಬೇರೆ. 2001ರ ತೀರ್ಪಿನಲ್ಲಿ ನ್ಯಾಯಾಲಯ, ಬೇರೆ ಸರಕಿಗಿಂತ ಔಷಧದ ಹೆಸರುಗಳ ಹೋಲಿಕೆಯನ್ನು ಹೆಚ್ಚು ಬಿಗಿಯಾಗಿ ನೋಡಬೇಕೆಂದಿತು. ಎರಡು ದಶಕ ದಾಟಿದರೂ ಒಂದಕ್ಷರದ ಅಂತರದ ಹೆಸರುಗಳು ಒಂದೇ ಡ್ರಾಯರಿನಲ್ಲಿ ಅಕ್ಕಪಕ್ಕ ಕೂತಿವೆ. ನಮ್ಮ ಅಂಗಡಿಗಳಲ್ಲಿ ಮಾತ್ರೆ ಜೋಡಿಸುವುದೇ ಅಕ್ಷರದ ಕ್ರಮದಲ್ಲಿ. ಹುಡುಕಲು ಸಲೀಸು ಎಂದು ಮಾಡಿಕೊಂಡ ಏರ್ಪಾಡು ತಪ್ಪಲೂ ಅಷ್ಟೇ ಸಲೀಸು. ಜುಲೈ ತಿಂಗಳ ಮಳೆಗೆ ಕರೆಂಟು ಹೋಗಿ, ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ಚೀಟಿ ಓದುವಾಗಂತೂ ಕೇಳುವುದೇ ಬೇಡ.

ಇಲ್ಲಿನ ಕೌಂಟರುಗಳಿಗೆ ಒಂದು ದೊಡ್ಡ ಗುಣವಿದೆ, ಅದನ್ನು ಹೇಳದಿದ್ದರೆ ಅನ್ಯಾಯ. ಮನೆ ಹೆಸರು ಹೇಳಿದರೆ ಸಾಕು, ಆ ಮನೆಯ ಬಿಪಿ, ಶುಗರ್, ಥೈರಾಯ್ಡ್ ಎಲ್ಲ ಅಂಗಡಿಯವರ ಬಾಯಲ್ಲಿರುತ್ತದೆ. ‘ಅಮ್ಮಂಗೆ ಹೋದ ಸಲ ಕೊಟ್ಟಿದ್ದು ಇದಲ್ಲವಲ್ಲ ಮಾರಾಯ್ರೆ’ ಎಂದು ಚೀಟಿಯನ್ನೇ ಅನುಮಾನಿಸಿ ಡಾಕ್ಟರಿಗೆ ಫೋನು ಹಚ್ಚುವವರಿದ್ದಾರೆ. ಪಟ್ಟಣದ ಸರಣಿ ಮಳಿಗೆಯ ಕಂಪ್ಯೂಟರಿಗೆ ಆ ಅನುಮಾನ ಬಾರದು. ಆದರೆ ಈ ಪರಿಚಯ ಇರುವುದು ಒಬ್ಬರ ತಲೆಯಲ್ಲಿ. ಅವರು ಮದುವೆ ಊಟಕ್ಕೆ ಹೋದ ದಿನ ಅದೂ ಹೊರಟುಹೋಗುತ್ತದೆ. ಪರಿಚಯವೇ ಮೋಸ ಮಾಡುವುದೂ ಉಂಟು: ಡಾಕ್ಟರು ಈ ಸಲ ಮಾತ್ರೆಯ ಶಕ್ತಿ ಅರ್ಧಕ್ಕೆ ಇಳಿಸಿರುತ್ತಾರೆ, ಕೈ ಅಭ್ಯಾಸದಂತೆ ಹಳೆಯದನ್ನೇ ತೆಗೆಯುತ್ತದೆ. ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದವರಿಗೆ ಮನೆ ಹೆಸರೂ ಇಲ್ಲ, ಕನ್ನಡವೂ ಇಲ್ಲ. ಈ ರಕ್ಷಣೆ ಅವರನ್ನು ಮುಟ್ಟುವುದೇ ಇಲ್ಲ.

ಇದರ ಮೇಲೆ ಬಸ್ಸಿನ ಅವಸರ. ಕಾರ್ಮಿಕರೇ 1991ರಲ್ಲಿ ಕಟ್ಟಿ ಬೆಳೆಸಿದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋಯಿತು. ಎಷ್ಟೋ ಹಳ್ಳಿಗಳಿಗೆ ಸಂಜೆಯ ಒಂದು ಬಸ್ಸು ತಪ್ಪಿದರೆ ಮತ್ತೊಂದಿಲ್ಲ. ಬಸ್ಸು ಹೊರಡುವ ಮೊದಲಿನ ಕಾಲು ಗಂಟೆಯಲ್ಲಿ ಎಲ್ಲರೂ ಒಟ್ಟಿಗೆ ಕೈ ಚಾಚುತ್ತಾರೆ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ಫಾರ್ಮಸಿಸ್ಟ್ ಗಿರಾಕಿಗೆ ಮದ್ದಿನ ಬಗ್ಗೆ ವಿವರಿಸಿ ಹೇಳಬೇಕೆನ್ನುತ್ತವೆ. ಆ ಕಾಲು ಗಂಟೆಯಲ್ಲಿ ವಿವರಣೆಯೆಂದರೆ ಕಾಗದದ ಕವರಿನ ಮೇಲೆ ಪೆನ್ನಿನ ಮೂರು ಗೀಟು.

ಕವರಿನೊಳಗೆ ಇರುವುದು ಕತ್ತರಿಸಿದ ಸ್ಟ್ರಿಪ್. ಬಡವರು ಹತ್ತರ ಬದಲು ನಾಲ್ಕು ಮಾತ್ರೆ ಕೊಳ್ಳುವುದು ತಪ್ಪಲ್ಲ, ಆದರೆ ಕತ್ತರಿ ಆಡಿದ ಕಡೆ ಹೆಸರೂ ಅವಧಿ ಮುಗಿಯುವ ತಾರೀಕೂ ಅಂಗಡಿಯಲ್ಲೇ ಉಳಿಯುತ್ತವೆ. 2023ರ ಆಗಸ್ಟ್ 1ರಿಂದ 300 ಬ್ರ್ಯಾಂಡುಗಳಿಗೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ತುಂಡು ಸ್ಟ್ರಿಪ್ಪಿಗೆ, ನೆಟ್‌ವರ್ಕ್ ಸಿಗದ ಗುಡ್ಡದ ಮನೆಗೆ ಅದರಿಂದ ಆಗಬೇಕಾದ್ದೇನಿಲ್ಲ. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ನುಂಗುವ ಮಾತ್ರೆ. ದಿನವೂ ನುಂಗಿದರೆ ರಕ್ತ ಹುಟ್ಟುವ ಮಜ್ಜೆಯೇ ಸೊರಗಿ ಪ್ರಾಣಕ್ಕೆ ಬರುತ್ತದೆ. ಹೆಸರಿಲ್ಲದ ತುಂಡಿನಲ್ಲಿ ಅದು ಹೋಯಿತೆಂದರೆ ಮನೆಯಲ್ಲಿ ಹಿಡಿಯುವವರು ಯಾರು? ಇನ್ಸುಲಿನ್ ಕಥೆಯೂ ಹೀಗೇ. ಒಂದು ಮಿಲಿಲೀಟರಿಗೆ 40 ಯುನಿಟ್ಟಿನ ಸೀಸೆಗೆ ಕೆಂಪು ಮುಚ್ಚಳದ ಸಿರಿಂಜು, 100 ಯುನಿಟ್ಟಿನದಕ್ಕೆ ಕಿತ್ತಳೆ ಬಣ್ಣದ್ದು. 100ರ ಮದ್ದನ್ನು 40ರ ಸಿರಿಂಜಿನಲ್ಲಿ ಗೆರೆ ನೋಡಿ ಎಳೆದರೆ ಎರಡೂವರೆ ಪಟ್ಟು ಒಳಗೆ ಹೋಗುತ್ತದೆ. ‘ಶುಗರ್ ಸಿರಿಂಜ್ ಕೊಡಿ’ ಎಂದವರಿಗೆ ‘ಯಾವುದು?’ ಎಂದು ತಿರುಗಿ ಕೇಳುವುದಕ್ಕೆ ಎಷ್ಟು ಹೊತ್ತು ಬೇಕು?

ನಮ್ಮ ಮೂರು ತಾಲ್ಲೂಕುಗಳಿಗೆ ಇವೆಲ್ಲಕ್ಕಿಂತ ಹತ್ತಿರದ ಅಪಾಯ ಮಂಗನ ಕಾಯಿಲೆಯ ಕಾಲದಲ್ಲಿ ಕಾಣುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರ ಈಚಿನ ವರ್ಷಗಳಲ್ಲಿ ಕೊಪ್ಪ, ಶೃಂಗೇರಿ, ಎನ್.ಆರ್. ಪುರಗಳಲ್ಲೂ ಕಾಣಿಸಿಕೊಂಡಿದೆ. ಡಿಸೆಂಬರಿನಿಂದ ಮೇವರೆಗೆ ಇದನ್ನು ಹರಡುವ ಉಣುಗಿನ ಹಾವಳಿ. ತರಗೆಲೆ ತರಲು, ಸೌದೆಗೆ ಕಾಡಿಗೆ ಹೋದವರು ಜ್ವರ, ತಲೆಸಿಡಿತ, ಮೈಕೈ ನೋವು ಎಂದು ಮೊದಲು ಬರುವುದು ಆಸ್ಪತ್ರೆಗಲ್ಲ, ಮೆಡಿಕಲ್ ಶಾಪಿಗೆ. ‘ಜ್ವರಕ್ಕೂ ನೋವಿಗೂ ಆಗೋ ಹಾಂಗೆ ಒಂದು ಕೊಡಿ’ ಎನ್ನುತ್ತಾರೆ. ಕೌಂಟರಿನ ಕೈ ಪ್ಯಾರಾಸಿಟಮಾಲ್ ಜೊತೆ ಅಸೆಕ್ಲೋಫೆನಾಕ್ ಅಥವಾ ಡೈಕ್ಲೋಫೆನಾಕ್ ಬೆರೆತ ಮಾತ್ರೆಗೆ ಹೋಗುತ್ತದೆ. ರಕ್ತಸ್ರಾವ ಆಗಬಹುದಾದ ಈ ಜ್ವರದಲ್ಲಿ ಆಸ್ಪಿರಿನ್ ಮತ್ತು ಇಂಥ ನೋವುಮಾತ್ರೆಗಳು ಕೂಡದು. ಡೆಂಗಿಗೂ ಇದೇ ಎಚ್ಚರ. ಕೊಟ್ಟವನ ಕೈ ತಪ್ಪಿಲ್ಲ, ಅವನು ಕೊಡಬೇಕೆಂದದ್ದನ್ನೇ ಕೊಟ್ಟಿದ್ದಾನೆ. ನೋವು ಬೇಗ ಇಳಿಯುವುದರಿಂದ ಗಿರಾಕಿ ಹೊಗಳಿಯೂ ಹೋಗುತ್ತಾನೆ, ರಕ್ತ ಪರೀಕ್ಷೆ ಮೂರು ದಿನ ತಡವಾಗುತ್ತದೆ. ತಪ್ಪು ಎಂದೇ ಯಾರಿಗೂ ಅನ್ನಿಸದ ತಪ್ಪು ಇದು.

ಇದನ್ನು ಹಿಡಿಯಬೇಕಾದ ತಪಾಸಣೆ ನೋಡುವುದೇನನ್ನು? ಗೋಡೆಯ ಲೈಸೆನ್ಸು, ಬಿಲ್ಲು, ಅವಧಿ ಮೀರಿದ ಸರಕು, ಕೆಲವು ಆಂಟಿಬಯಾಟಿಕ್ ಮುಂತಾದ ಮದ್ದುಗಳ ಮಾರಾಟ ಬರೆದಿಡಲು 2014ರಿಂದ ಜಾರಿಯಲ್ಲಿರುವ ಎಚ್1 ರಿಜಿಸ್ಟರು. ಯಾವ ಮಾತ್ರೆ ಅದಲುಬದಲಾಯಿತು, ಯಾವುದು ಕೊನೆ ಗಳಿಗೆಯಲ್ಲಿ ಕಣ್ಣಿಗೆ ಬಿದ್ದು ತಪ್ಪಿತು ಎಂದು ಬರೆಯಲು ಆ ರಿಜಿಸ್ಟರಿನಲ್ಲಿ ಕಲಮಿಲ್ಲ. ಬರೆದರೆ ತನ್ನ ಮೇಲೇ ಕೇಸು ಎಂಬ ಭಯವಿರುವಾಗ ಬರೆಯುವವರೂ ಇಲ್ಲ. ಬ್ರಿಟನ್ನಿನಲ್ಲಿ 2007ರಲ್ಲಿ ಪ್ರೆಡ್ನಿಸೊಲೋನ್ ಬದಲು ಪ್ರೊಪ್ರನೊಲಾಲ್ ಕೊಟ್ಟ ಫಾರ್ಮಸಿಸ್ಟ್‌ಗೆ ಕ್ರಿಮಿನಲ್ ಶಿಕ್ಷೆಯಾಯಿತು. ಆಮೇಲೆ ಬಹುಕಾಲ ಚರ್ಚೆ ನಡೆದು 2018ರಲ್ಲಿ, ಗೊತ್ತಿಲ್ಲದೆ ಆದ ತಪ್ಪಿಗೆ ಕಾನೂನಿನಲ್ಲಿ ಪ್ರತಿವಾದದ ಅವಕಾಶ ಸಿಕ್ಕಿತು. ನಿರ್ಲಕ್ಷ್ಯಕ್ಕೆ ಮಾಫಿ ಕೊಡಿ ಎಂದಲ್ಲ. ಸರ್ಟಿಫಿಕೇಟನ್ನು ಬಾಡಿಗೆಗೆ ಕೊಟ್ಟು ಅಂಗಡಿಯತ್ತ ಮುಖ ಹಾಕದ ಫಾರ್ಮಸಿಸ್ಟ್‌ಗೆ ಯಾವ ರಿಯಾಯಿತಿಯೂ ಬೇಡ. ಆದರೆ ಒಪ್ಪಿಕೊಂಡವನನ್ನೇ ಶಿಕ್ಷಿಸುವ ಪದ್ಧತಿಯಲ್ಲಿ ಎರಡನೆಯವನು ಬಾಯಿ ಬಿಡುವುದಿಲ್ಲ.

ಔಷಧಿ ವ್ಯಾಪಾರಿಗಳಲ್ಲಿ ಒಂದು ವಿನಂತಿ. ಈ ನವೆಂಬರಿನೊಳಗೆ, ಉಣುಗಿನ ಕಾಲಕ್ಕೆ ಮೊದಲೇ, ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಪ್ರತಿ ಕೌಂಟರಿನಲ್ಲೂ ಕನ್ನಡದಲ್ಲಿ ದೊಡ್ಡಕ್ಷರದ ಒಂದು ಫಲಕ ಹಾಕಿ: ಚೀಟಿಯಿಲ್ಲದೆ ಜ್ವರಕ್ಕೆ ನೋವುಮಾತ್ರೆ ಕೊಡುವುದಿಲ್ಲ, ಕಾಡಿಗೆ ಹೋಗಿದ್ದರೆ ಇಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ.